ಸಾತಪ್ಪನ ಮಾರು, ಸಕ್ಕುಬಾಯಿಯ ಗಾಳ

ಸೂಪಾ ಹಿನ್ನೀರಿನ ಮೇಲೆ ಮಂಜು ಇನ್ನೂ ಎದ್ದಿಲ್ಲ. ದೋಣಿಯಲ್ಲಿ ಒಬ್ಬರೇ ಕುಳಿತ ಸಕ್ಕುಬಾಯಿ ಎರಡೂ ಕೈಯಲ್ಲಿ ಹುಟ್ಟು ಹಾಕುತ್ತಿದ್ದಾರೆ. ಹುಟ್ಟು ನೀರಿಗೆ ಇಳಿದದ್ದೂ ಎದ್ದದ್ದೂ ಕೇಳಿಸದಷ್ಟು ನಿಧಾನ. ಅವರ ಗಮನವೆಲ್ಲ ಬಲಗಾಲಿನ ಹೆಬ್ಬೆರಳಿನಲ್ಲಿದೆ. ಅಡ್ಡಹಲಗೆಗೆ ಬಿಗಿದ ಗಾಳದ ದಾರ ಆ ಬೆರಳನ್ನು ಸವರಿಕೊಂಡು ದೋಣಿಯ ಹಿಂದೆ ನೀರಿಗೆ ಇಳಿದಿದೆ. ಎಲ್ಲೋ ಕೆಳಗೆ, ಬೆಳಕು ತಲುಪದ ಕಡೆ, ಕಟ್ಟಿಗೆಯಲ್ಲಿ ಕೆತ್ತಿದ ಸುಳ್ಳು ಮೀನೊಂದು ಮೈ ಕುಣಿಸುತ್ತ ಹಿಂಬಾಲಿಸುತ್ತಿದೆ. ಅದರ ನಡುಕ ದಾರದಗುಂಟ ಏರಿ ಬಂದು ಬೆರಳಿಗೆ ತಾಗುತ್ತದೆ.

“ನಡಗತೈತಿ ಅಂದ್ರ ಕೆಳಗ ಎಲ್ಲಾ ಬರೋಬ್ಬರಿ ಐತಿ ಅಂತ ತಿಳೀಬೇಕ್ರಿ,” ಎನ್ನುತ್ತಾರೆ ಸಕ್ಕುಬಾಯಿ. “ಸುಮ್ಮನಾತಂದ್ರ ಪಾಚಿ ಹಿಡಕೊಂಡೈತಿ, ಎಳದು ತೊಳೀಬೇಕು. ಬೆರಳ ಕಿತ್ತ ಹೋದಂಗ ಆತಂದ್ರ, ಶಿವಾ ಅಂತ ಹುಟ್ಟು ಬಿಟ್ಟು ದಾರ ಹಿಡಿಯೂದು.”

ಗಣೇಶಗುಡಿಯ ದಂಡೆಯಲ್ಲಿ ಇದು ಮೊದಲು ಅವರ ಗಂಡ ಸಾತಪ್ಪನವರ ಕೆಲಸವಾಗಿತ್ತು. ಸಾತಪ್ಪನವರ ತಂದೆ ಬೆಳಗಾವಿ ಕಡೆಯಿಂದ ದಾಂಡೇಲಿಯ ಕಾಗದದ ಗಿರಣಿಗೆ ದುಡಿಯಲು ಬಂದವರು. ಮಗನಿಗೆ ಮಾತ್ರ ಗಿರಣಿಯ ಭೋಂಗಾದ ಕೂಗಿಗಿಂತ ನೀರಿನ ಸದ್ದು ಹಿಡಿಸಿತು. ಸುಳ್ಳು ಮೀನುಗಳನ್ನು ಅವರೇ ಕೆತ್ತುತ್ತಿದ್ದರು. ಆದರೆ ಕಳೆದ ವರ್ಷದ ಮಳೆಗಾಲದಲ್ಲಿ ದಂಡೆಯ ಬಂಡೆಯ ಮೇಲೆ ಜಾರಿ ಬಿದ್ದು ಭುಜ ಮುರಿಯಿತು. ಬಲಗೈ ಈಗ ಸೊಂಟದಿಂದ ಮೇಲೆ ಏಳುವುದಿಲ್ಲ. ಕೆತ್ತನೆ ನಿಂತಿತು, ದೋಣಿ ಹೆಂಡತಿಯ ಪಾಲಿಗೆ ಬಂತು.

ದೋಣಿ ಸಾತಪ್ಪನವರೊಬ್ಬರದಲ್ಲ. ತೇರಗಾಂವದಲ್ಲಿ ಹೊಲ ಮಾಡಿಕೊಂಡಿರುವ ಅಣ್ಣ ಶಿವಲಿಂಗ ಅವರದೂ ಅದರಲ್ಲಿ ಪಾಲಿದೆ. ಬೇಸಿಗೆಯಲ್ಲಿ ಮೀನು ಸಿಗುವುದು ಪೂರ್ತಿ ನಿಂತಾಗ ಅವರು ಬಂದು ನೇರವಾಗಿಯೇ ಹೇಳಿದರು: “ನೋಡವಾ ಸಕ್ಕೂ, ಸಿಟ್ಟಾಗಬ್ಯಾಡ. ಖಾಲಿ ದೋಣಿ ತಿರುಗಿಸಿ ನಿನ್ನ ರಟ್ಟಿ ಬಿದ್ದು ಹೊಕ್ಕಾವ. ಮಿರಗದ ಮಳಿ ಕೂಡೂತನಾ ನೋಡ್ತೇನಿ. ಆಮ್ಯಾಲ ಹಿಡಿಯಾವ್ರಿಗೆ ಕೊಟ್ಟಬಿಡೂಣು.”

ಮಾತಿನಲ್ಲಿ ಕೇಡಿರಲಿಲ್ಲ. ಆದರೆ ಆ ಸಂಜೆ ಸಾತಪ್ಪ ಊಟಕ್ಕೆ ಏಳಲಿಲ್ಲ. ಕೈ ಇವತ್ತಲ್ಲ ನಾಳೆ ಒಂದಿಷ್ಟಾದರೂ ಎದ್ದೀತು, ಮತ್ತೆ ನೀರಿಗೆ ಇಳಿದೇನು ಎಂಬ ಆಸೆ ಅವರಿಗಿತ್ತು. ದೋಣಿಯೇ ಹೋದರೆ ಇಳಿಯುವುದು ಯಾವುದರಲ್ಲಿ?

ಬೇಸಿಗೆಯ ಈ ಕೆಲಸದ ಕಷ್ಟವನ್ನು ತುಸು ಬಿಡಿಸಿ ಹೇಳಬೇಕು. ಮೇಲಿನ ನೀರು ಬೆಚ್ಚಗಾದಂತೆ ದೊಡ್ಡ ಬಾಳೆ ಮೀನುಗಳು ತಂಪು ಹುಡುಕಿಕೊಂಡು ಆಳಕ್ಕೆ ಹೋಗುತ್ತವೆ. ಸುಳ್ಳು ಮೀನೂ ಅವುಗಳ ಹಿಂದೆ ಇಳಿಯಬೇಕು. ಆದರೆ ಎಳೆಯುವ ದಾರಕ್ಕೆ ನೀರು ಅಡ್ಡಬರುತ್ತದೆ, ಆ ತಡೆಯೇ ದಾರವನ್ನು ಮೇಲಕ್ಕೆ ಎತ್ತುತ್ತದೆ. ದಾರ ದಪ್ಪವಾದಷ್ಟೂ ದೋಣಿ ಜೋರಾದಷ್ಟೂ ಈ ಎತ್ತುವಿಕೆ ಹೆಚ್ಚು. ಅದಕ್ಕೇ ತೆಳ್ಳನೆಯ ದಾರ, ನಿಧಾನದ ಹುಟ್ಟು, ಸುಳ್ಳು ಮೀನಿನ ಮುಂದೊಂದು ಸೀಸದ ಗುಂಡು. ಮೀನಿನ ಬಾಯಿಗೆ ಓರೆಯಾಗಿ ಕೂಡಿಸಿದ ತಗಡಿನ ತುಟಿಯೊಂದು ನೀರಿಗೆ ಎದುರಾಗಿ ಮೂತಿಯನ್ನು ಕೆಳಗೆ ಒತ್ತುತ್ತದೆ. ಇಷ್ಟಾದ ಮೇಲೆ ದಾರ ಉದ್ದ ಬಿಟ್ಟಷ್ಟೂ ಸುಳ್ಳು ಮೀನು ಆಳಕ್ಕೆ ಇಳಿಯುತ್ತದೆ. ಉಳಿಯುವ ಪ್ರಶ್ನೆ ಒಂದೇ: ದಾರ ಎಷ್ಟು ಬಿಡಬೇಕು?

ಸಾತಪ್ಪನವರ ಉತ್ತರ ಎಂದಿಗೂ ಬದಲಾಗಲಿಲ್ಲ. ನಲವತ್ತು ಮಾರು. ಎರಡೂ ತೋಳು ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಯವರೆಗೆ ಒಂದು ಮಾರು. “ನಲವತ್ತಕ್ಕ ಒಂದೂ ಹೆಚ್ಚಿಗಿ ಬಿಡಬ್ಯಾಡ. ಕೆಳಗ ಮುಳುಗಿದ ಗಿಡ ಅದಾವ, ಸಿಕ್ಕೊಂಡು ಹರೀತೈತಿ,” ಎಂದು ದಿನಾ ಹೊಸ್ತಿಲಿಂದ ಎಚ್ಚರಿಸುತ್ತಿದ್ದರು. ಹರಿದು ಹೋದ ಸುಳ್ಳು ಮೀನಿನ ಬದಲಿಗೆ ಇನ್ನೊಂದು ಕೆತ್ತುವ ಕೈ ಮನೆಯಲ್ಲಿ ಇಲ್ಲ. ಸಕ್ಕುಬಾಯಿ ಆ ಮಾತು ದಾಟಲಿಲ್ಲ. ಹಳೆಯ ದಾರ ಸವೆದಾಗ ಹೊಸದನ್ನು ಅಳೆದು, ಹತ್ತು ಮಾರಿಗೊಂದರಂತೆ ಕೆಂಪು ನೂಲು ಕಟ್ಟಿ, ನಾಲ್ಕನೆಯ ನೂಲಿಗೆ ನಿಲ್ಲಿಸುತ್ತಿದ್ದರು. ಮೀನು ಬರಲಿಲ್ಲ. ಗುಂಡು ದೊಡ್ಡದು ಮಾಡಿ ನೋಡಿದರು. ಸುಳ್ಳು ಮೀನು ಕುಣಿಯುವುದನ್ನೇ ಬಿಟ್ಟು ಕಲ್ಲಿನಂತೆ ಜೋತುಬಿತ್ತು.

ಗಂಟು ಬಿಚ್ಚಿದ್ದು ಪಕ್ಕದ ಮನೆಯ ಯಲ್ಲವ್ವ. ಸಕ್ಕುಬಾಯಿ ನೀರಿನ ಮೇಲಿದ್ದಾಗ ಸಾತಪ್ಪನವರಿಗೆ ಚಹಾ ಕೊಟ್ಟು, ಮಾತಾಡಿಸಿ, ಆಮೇಲೆ ಹೂವಿನ ಬುಟ್ಟಿ ಹೊತ್ತು ಹೊರಡುವ ಹೆಣ್ಣುಮಗಳು. ಒಂದು ದಿನ ಅಂಗಳದಲ್ಲಿ ಸಕ್ಕುಬಾಯಿ ದಾರಕ್ಕೆ ಹೊಸ ನೂಲು ಕಟ್ಟುತ್ತಿದ್ದುದನ್ನು ನೋಡಿ ನಕ್ಕುಬಿಟ್ಟರು.

“ನನ್ನ ಮೊಳ ಗಿಡ್ಡ ಅಂತ ಹೂವ ತಗೊಳ್ಳಾಕ ಬಂದಾವ್ರು ಬೈತಾರ. ನಿನ್ನ ಮಾರು ಗಿಡ್ಡ ಅಂತ ಮೀನ ಬೈಯಾಕತ್ತಿರಬೇಕ ನೋಡವಾ!”

ಸಕ್ಕುಬಾಯಿಯ ಕೈ ಅಲ್ಲೇ ನಿಂತಿತು. ಸಾತಪ್ಪ ಆಳೆತ್ತರದ ಬಾಗಿಲಿಗೆ ತಲೆ ಬಗ್ಗಿಸಿ ಬರುವ ಮನುಷ್ಯ. ಇವರ ತಲೆ ಗಂಡನ ಭುಜ ಮುಟ್ಟುವುದಿಲ್ಲ. ಗಂಡ ಹೇಳುತ್ತಿದ್ದದ್ದು ತನ್ನ ತೋಳಿನ ನಲವತ್ತು, ಹೆಂಡತಿ ಬಿಡುತ್ತಿದ್ದದ್ದು ತನ್ನ ತೋಳಿನ ನಲವತ್ತು.

“ಏನ್ರೀ, ಕೈ ಚಾಚ್ರಿ.”

“ಯಾವ ಕೈ ಚಾಚಲಿ? ಒಂದ ಅಷ್ಟ ಏಳತೈತಿ.”

“ಒಂದ ಸಾಕು. ಎದಿ ನಡುವಿಂದ ಬೆರಳತನಾ ಅರ್ಧ ಮಾರು. ಎರಡ ಸಲ ಹಿಡದ್ರ ಪೂರ್ತಿ ಆತು.”

ಸಾತಪ್ಪ ಎಡಗೈ ಚಾಚಿ ಕುಳಿತರು. ಸಕ್ಕುಬಾಯಿ ಎದೆಯಿಂದ ಬೆರಳಿಗೆ, ಮತ್ತೆ ಎದೆಯಿಂದ ಬೆರಳಿಗೆ ದಾರ ಹಿಡಿಯುತ್ತ ಹೋದರು. ಅವರ ಹಳೆಯ ಅಳತೆಯಲ್ಲಿ ಒಂದೊಂದು ಮಾರಿಗೂ ಒಂದು ಗೇಣು ಕಡಿಮೆ ಬಿದ್ದಿತ್ತು.

“ಸಾತಪ್ಪಾ, ಈ ಕೈ ನನ್ನ ಹೂವಿನ ಬುಟ್ಟಿ ಹತ್ರ ಮಾತ್ರ ತರಬ್ಯಾಡೋ ಮಾರಾಯಾ, ದಿವಾಳಿ ಎದ್ದ ಹೊಕ್ಕೇನಿ!” ಎಂದರು ಯಲ್ಲವ್ವ. ಭುಜ ಮುರಿದ ಮೇಲೆ ಸಾತಪ್ಪ ಹೊಟ್ಟೆ ಹಿಡಿದು ನಕ್ಕದ್ದು ಅಂದೇ ಮೊದಲು ಎಂದು ಸಕ್ಕುಬಾಯಿ ನೆನೆಯುತ್ತಾರೆ.

ಮರುದಿನ ಹೊಸ ಅಳತೆಯ ದಾರ ನೀರಿಗಿಳಿಯಿತು. ಬೆರಳಿಗೆ ಒಮ್ಮೆ ಕೆರೆದಂತಾಯಿತು. ಮುಳುಗಿದ ಮರದ ನೆತ್ತಿ ಸವರಿ ಸುಳ್ಳು ಮೀನು ದಾಟಿತ್ತು. ಅಂದು ಮೀನು ಮುಟ್ಟಲಿಲ್ಲ. ಮುಂದೆ ಕೆಲವು ದಿನವೂ ಇಲ್ಲ. ಅಷ್ಟರಲ್ಲಿ ಮಿರಗದ ಮಳೆ ಕೂಡಿತು, ದೋಣಿ ಒಯ್ಯಲು ಶಿವಲಿಂಗ ತೇರಗಾಂವದಿಂದ ಟೆಂಪೊ ತಂದು ದಂಡೆಯಲ್ಲಿ ನಿಂತರು. ಸಕ್ಕುಬಾಯಿ ಇನ್ನೂ ನೀರಿನ ಮೇಲಿದ್ದರು.

ದೋಣಿ ದಡಕ್ಕೆ ಬಂದಾಗ ಒಂದು ಬದಿಗೆ ವಾಲಿತ್ತು. “ಭಾವಾ, ದೋಣಿ ಒಯ್ಯೂ ಮೊದಲ ಇದನ್ನಷ್ಟು ಇಳಿಸ್ಕೋರಿ,” ಎಂದು ಸಕ್ಕುಬಾಯಿ ಕೂಗಿದರು. ತಳದಲ್ಲಿ ಉದ್ದ ಮೀಸೆಯ ಬಾಳೆ ಮೀನು ಮಲಗಿತ್ತು. ಎತ್ತಲು ಬಾಗಿದ ಶಿವಲಿಂಗರ ಅಂಗಿಗೆ ಅದು ಬಾಲದಿಂದ ಒಂದು ಬಿಗಿಯಿತು.

“ಅಬ್ಬಾ! ಇಷ್ಟ ಆಳದಾಗಿಂದ ಯಾರ ಹಿಡದ ಕೊಟ್ರವಾ ಇದನ್ನ?”

“ನಿಮ್ಮ ತಮ್ಮನ ಎಡಗೈ,” ಎಂದರು ಸಕ್ಕುಬಾಯಿ.

ಟೆಂಪೊ ಮೀನಿನ ಒಂದು ತುಂಡು ಹೊತ್ತು ತೇರಗಾಂವಕ್ಕೆ ಮರಳಿತು, ದೋಣಿ ಗಣೇಶಗುಡಿಯಲ್ಲೇ ಉಳಿಯಿತು. ತಲೆಯ ಕಡೆಯ ತುಂಡು ಯಲ್ಲವ್ವನ ಮನೆಗೆ ಹೋಯಿತು, ಈಗಲೂ ದೊಡ್ಡ ಮೀನು ಸಿಕ್ಕಾಗಲೆಲ್ಲ ಹೋಗುತ್ತದೆ. ಭಾವನ ಬಗ್ಗೆ ಕೇಳಿದರೆ ಸಕ್ಕುಬಾಯಿಗೆ ಮುನಿಸಿಲ್ಲ. “ಅವರು ಗಡುವು ಹಾಕಿದ್ದ ಚಲೋ ಆತ್ರಿ. ಇಲ್ಲಂದ್ರ ನಾ ಇನ್ನೂ ನೀರ ಬೈಕೋತ ಕುಂಡ್ರತಿದ್ನಿ. ನೀರ ಏನ ಮಾಡೀತು? ಅದು ಕೊಡಾಕ ತಯಾರ ಇತ್ತು, ನಾನ ಮುಟ್ಟಿರಲಿಲ್ಲ.”

ದೋಣಿ ಕಟ್ಟಿ ದಾರ ಸುತ್ತುತ್ತಿರುವ ಅವರಿಗೆ ಇನ್ನೇನು ಬೇಕು ಎಂದು ಕೇಳಿದರೆ ಮೊದಲು ಏನೂ ಇಲ್ಲ ಎನ್ನುತ್ತಾರೆ. ಆಮೇಲೆ ಮನೆಯ ಕಡೆ ನೋಡುತ್ತಾರೆ. ಹೊಸ್ತಿಲ ಮೇಲೆ ಸಾತಪ್ಪ ಕುಳಿತಿದ್ದಾರೆ.

“ಈ ಚಳಿಗಾಲಕ್ಕ ಅವರನ್ನ ದೋಣ್ಯಾಗ ಕುಂಡ್ರಿಸ್ಕೊಂಡ ಹೋಗಬೇಕ್ರಿ. ಒಂದ ಕೈಲೆ ಹುಟ್ಟು ಹಾಕಿದ್ರ ದೋಣಿ ಗರಗರ ತಿರಗತೈತಿ ಅಂತ ಅಂಜತಾರ. ಯಾಕ ತಿರಗತೈತಿ? ಆ ಕಡೆ ಹುಟ್ಟು ನಾ ಹಾಕ್ತೇನಲ್ಲ.”