ಪಂಕ್ತಿಯಿಂದ ಎದ್ದ ವಿಜ್ಞಾನಿ

ಭೀಮನಬೀಡಿನಲ್ಲಿ ಗೃಹಪ್ರವೇಶದ ಊಟಕ್ಕೆ ಕೂತಿದ್ದೆವು. ನಮ್ಮತ್ತೆ ಎರಡನೇ ಸಲ ಎಲೆ ಬಿಟ್ಟು ಎದ್ದಾಗ, ಪಕ್ಕದಲ್ಲಿದ್ದ ಹೆಂಗಸೂ ಪಾಯಸ ಬಿಟ್ಟು ಅವರ ಹಿಂದೆಯೇ ಹೊರಟರು. ಪಂಕ್ತಿಯ ನಡುವೆ ಹೀಗೆ ಯಾರಾದರೂ ಏಳುತ್ತಾರೆಯೇ? ಬಡಿಸುವವರು ಸೌಟು ಹಿಡಿದು ನಿಂತೇಬಿಟ್ಟರು. ನಾನು ಗಾಬರಿಯಿಂದ ಹಿಂದೆ ಓಡಿದೆ.

ಆಕೆ ಆ ಮನೆಯ ನೆಂಟರು. ಕ್ಯಾನ್ಸರ್ ವಿರುದ್ಧ ದೇಹದ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಔಷಧಗಳಿಗೆ ದಾರಿ ಮಾಡಿದ ವಿಜ್ಞಾನಿಗಳಲ್ಲಿ ಒಬ್ಬರು. ಅತ್ತೆಗೆ ಮೈಸೂರಿನಲ್ಲಿ ಹಾಕಿಸುತ್ತಿರುವುದು ಅಂಥದೇ ಇಂಜೆಕ್ಷನ್ ಎಂದು ಊಟಕ್ಕೆ ಮುಂಚೆ ಅವರಿಗೆ ನಾನೇ ಹೇಳಿದ್ದೆ.

"ಎಷ್ಟು ದಿನದಿಂದ ಭೇದಿ ಆಗ್ತಿದೆ, ಅಮ್ಮಾ?" ಎಂದು ಹಿತ್ತಲ ಬಾಗಿಲಲ್ಲಿ ಕೇಳಿದರು.

"ನಾಕು ದಿನ ಕಣವ್ವ. ದಾಳಿಂಬೆ ಸಿಪ್ಪೆ ಕಷಾಯ ಕುಡ್ದಿವ್ನಿ, ನಿಂತೋಯ್ತದೆ ಬುಡು. ಇದ್ನೆಲ್ಲ ಸೊಸೆ ಮುಂದೆ ಹೇಳಕ್ಕಾದದಾ?"

"ಕಾವಲಿಗೆ ಅಂತ ಬಿಚ್ಚಿದ ನಾಯಿ ಒಂದೊಂದ್ಸಲ ಮನೆಯವರನ್ನೇ ಕಚ್ಚುತ್ತೆ, ಅಮ್ಮಾ. ಈ ಔಷಧಿ ಎಬ್ಬಿಸಿದ ಶಕ್ತಿನೂ ಹಾಗೇ, ನಮ್ಮ ಕರುಳಿಗೇ ಬಾಯಿ ಹಾಕುತ್ತೆ. ಕಷಾಯ ಸಾಲದು, ಈಗಲೇ ಆಸ್ಪತ್ರೆಗೆ ಹೊರಡಿ."

ಹೇಳುವಾಗ ಅವರ ಬೆರಳಲ್ಲಿ ಇನ್ನೂ ಅನ್ನದ ಅಗುಳು ಅಂಟಿತ್ತು. ಅವರೇ ನಮ್ಮನ್ನು ಕಾರು ಹತ್ತಿಸಿದರು. ಕರುಳು ಊದಿಕೊಂಡಿದೆ, ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ವಾರದೊಳಗೆ ಅತ್ತೆ ಚೇತರಿಸಿಕೊಂಡರು.

ಅತ್ತೆಯ ಕಾಫಿಗೆ ಎಷ್ಟು ಸಕ್ಕರೆ ಎಂದು ತಿಳಿದಿದ್ದ ನನಗೆ ಅವರ ಸಂಕೋಚ ತಿಳಿದಿರಲಿಲ್ಲ. ಈಗ ದಿನಾ ಬೆಳಿಗ್ಗೆ ಹೊಟ್ಟೆ ಹೇಗಿದೆ ಎಂದು ಮುಚ್ಚುಮರೆಯಿಲ್ಲದೆ ಕೇಳುತ್ತೇನೆ. ಅವರು ಸೆರಗಲ್ಲಿ ಬಾಯಿ ಮುಚ್ಚಿ ನಗುತ್ತಾರೆ, ಆಮೇಲೆ ಹೇಳುತ್ತಾರೆ.