ಸೈಕಲ್ಲು ಹತ್ತಿಸಿದ ಮಾವ

ನಮ್ಮ ಮಾವನವರು ಸೀನಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಬ್ಯಾಡಗಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಸೀನಿ ಸೀನಿ ಮೂಗು ಕೆಂಪು ಮಾಡಿಕೊಂಡಿದ್ದೆ. ಹೊಸಿಲು ದಾಟಿದರೆ ಮೆಣಸಿನಕಾಯಿ ಘಾಟು, ಒಗೆದು ಒಣಹಾಕಿದ ಸೀರೆಯಲ್ಲೂ ಘಾಟು. ಮಾವನವರು ಮಾತ್ರ ಇಡೀ ದಿನ ಪೇಟೆಯ ತಮ್ಮ ಅಂಗಡಿಯಲ್ಲಿ ಒಣಮೆಣಸಿನಕಾಯಿ ತಿಕ್ಕಿ ಬಣ್ಣ ನೋಡಿದ ಅದೇ ಕೈಯಿಂದ ಕಣ್ಣು ಉಜ್ಜಿಕೊಳ್ಳುತ್ತ ಮನೆಗೆ ಬಂದು, "ಚಾ ಆತೇನವಾ?" ಎನ್ನುತ್ತಿದ್ದರು. ಅವರ ಅಂಗೈಯ ಗೆರೆಗಳೊಳಗೆ ಕೂತ ಕೆಂಪು ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಈ ಮನುಷ್ಯನಿಗೆ ಉರಿ ಅಂದರೇನೆಂದೇ ಗೊತ್ತಿಲ್ಲ ಎಂದು ಮನೆಮಂದಿಯೆಲ್ಲ ನಗುತ್ತಿದ್ದರು. ಆಗ ನಾನೂ ನಕ್ಕಿದ್ದೇನೆ.

ನನ್ನ ತವರು ರಾಣೆಬೆನ್ನೂರು. ಸಣ್ಣವಳಿದ್ದಾಗ ನನಗೆ ಸೈಕಲ್ಲಿನ ಹುಚ್ಚು ಎಷ್ಟಿತ್ತೆಂದರೆ, ಊಟಕ್ಕೆ ಕರೆಯಲು ಅವ್ವ ಓಣಿಯ ತುದಿಗೆ ಬಂದು ನಿಲ್ಲಬೇಕಿತ್ತು. ಅಣ್ಣನ ದೊಡ್ಡ ಸೈಕಲ್ಲಿನ ನಡುವೆ ಕಾಲು ತೂರಿಸಿ ಕತ್ತರಿ ತುಳಿದು ಕಲಿತವಳು ನಾನು. ಕುಪ್ಪೇಲೂರಿನ ಅಜ್ಜಿಯ ಮನೆಗೆ ಉಳಿದವರೆಲ್ಲ ಬಸ್ಸು ಹತ್ತಿದರೆ ನಾನು ಸೈಕಲ್ಲು ಹತ್ತುತ್ತಿದ್ದೆ. ಬಸ್ಸು ಅಲ್ಲಲ್ಲಿ ನಿಂತು ಮಂದಿಯನ್ನು ಇಳಿಸುವಷ್ಟರಲ್ಲಿ ಅದನ್ನು ಹಿಂದೆ ಹಾಕಿ ಕಿಟಕಿಯಲ್ಲಿದ್ದ ಅಣ್ಣನಿಗೆ ನಾಲಗೆ ಚಾಚುತ್ತಿದ್ದೆ. ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿ ಅಪ್ಪ ಸೈಕಲ್ಲಿಗೆ ಕೀಲಿ ಹಾಕಿ ಕೀಲಿಕೈಯನ್ನು ಜೇಬಿಗಿಳಿಸಿದರು. ಕಾರಣ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಅಂಥದ್ದಕ್ಕೆಲ್ಲ ಕಾರಣ ಬೇಕಾಗುವುದಿಲ್ಲ.

ಮದುವೆಯಾಗಿ ಕೆಲವು ವರ್ಷಗಳ ಮೇಲೆ, ಸಂತೆಯಿಲ್ಲದ ಒಂದು ದಿನ, ಅಂಗಡಿಗೆ ಬುತ್ತಿ ಒಯ್ಯುವ ಆಳು ಬರಲಿಲ್ಲ. ಅತ್ತೆಗೆ ಮೊಣಕಾಲು ನೋವು. ನಾನೇ ಬುತ್ತಿಯನ್ನು ಅಂಗಡಿಯ ಸೈಕಲ್ಲಿಗೆ ನೇತುಹಾಕಿ ಹೊರಟುಬಿಟ್ಟೆ. ಮಾರುಕಟ್ಟೆಯ ಅಂಗಳ ಖಾಲಿ ಬಿದ್ದಿತ್ತು. ಅಷ್ಟಗಲದ ಜಾಗ ಕಂಡದ್ದೇ ನನ್ನ ಕಾಲಿಗೆ ಏನಾಯಿತೋ, ಒಂದು ಸುತ್ತು ಹೊಡೆದೆ, ಇನ್ನೊಂದು ಸುತ್ತು ಹೊಡೆದೆ, ಕೊನೆಗೆ ಚೀಲ ಇಳಿಸುವ ಕಟ್ಟೆಯ ಇಳಿಜಾರನ್ನು ಏರಿ ಆ ಕಡೆಯಿಂದ ಜಿಗಿಸಿದೆ. ತಲೆಯೆತ್ತಿದರೆ ಮಾವನವರು ಅಂಗಡಿಯ ಬಾಗಿಲಲ್ಲಿ ನಿಂತಿದ್ದಾರೆ. ಇನ್ನು ತವರಿಗೆ ಫೋನು ಹೋಗುತ್ತದೆ ಎಂದುಕೊಂಡೆ.

"ಇನ್ನೊಮ್ಮೆ ಹಾರಸು ನೋಡೂಣು," ಎಂದರು.

ನಮ್ಮ ಕಡೆ ಗುಡ್ಡದ ಸೈಕಲ್ ರೇಸು ಆಗ ಹೊಸದು. ಹಾವೇರಿಯ ಹತ್ತಿರ ನಡೆಯುತ್ತದೆ, ಹೆಣ್ಣುಮಕ್ಕಳಿಗೂ ಬೇರೆ ರೇಸಿದೆ ಎಂಬ ಸುದ್ದಿಯನ್ನು ಪೇಪರಿನಲ್ಲಿ ಓದಿ ಹೇಳಿದವರು ಅವರೇ. ಹುಬ್ಬಳ್ಳಿಗೆ ಹೋಗಿ ಗೇರಿನ ಸೈಕಲ್ಲು ತಂದವರೂ ಅವರೇ. "ಈ ವಯಸ್ಸಿನ್ಯಾಗ ಆಕೀಗ್ ಯಾಕ ಬೇಕರಿ?" ಎಂದು ಅತ್ತೆ ಗೊಣಗಿದರೆ, "ಕಾಲಾಗ ಕಸುವೈತಿ, ಹೊಡೀತಾಳ. ನೀ ಸುಮ್ನ ಕುಂದ್ರು," ಎಂದು ಬಾಯಿ ಮುಚ್ಚಿಸಿದರು. ನನ್ನ ಗಂಡ ಒಳ್ಳೆಯವರು, ಅಪ್ಪನೆದುರು ಬಾಯಿಯೇ ತೆರೆಯದಷ್ಟು ಒಳ್ಳೆಯವರು. ಮಾವ ಹೂಂ ಅಂದದ್ದಕ್ಕೆ ಅವರೂ ಹೂಂ ಅಂದರು.

ಬೆಳಗಿನ ಹೊತ್ತು ಕದರಮಂಡಲಗಿಯ ದಾರಿಯಲ್ಲಿ ನನ್ನ ತಾಲೀಮು. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ನಾನು ಮುಂದೆ, ಮಫ್ಲರು ಸುತ್ತಿಕೊಂಡ ಮಾವನವರು ಸ್ಕೂಟರಿನಲ್ಲಿ ಹಿಂದೆ. "ಲಗೂ ತುಳಿ, ಲಗೂ! ಮದಿವಿ ದಿಬ್ಬಣದಾಗ ಹೊಂಟಿಯೇನು?" ಎಂದು ಅವರು ಕೂಗುವುದು ಹೊಲದಲ್ಲಿದ್ದವರಿಗೆಲ್ಲ ಕೇಳುತ್ತಿತ್ತು. ನಾನು ಹೊಲದ ಬದುವಿನ ಹಾದಿಗೆ ಇಳಿದರೆ ಸ್ಕೂಟರು ಬರುತ್ತಿರಲಿಲ್ಲ. ಆಗ ಅವರು ಹಣಮಪ್ಪನ ಗುಡಿಗೆ ಹೋಗಿ ಕೈಮುಗಿದು, ಕಟ್ಟೆಯ ಮೇಲೆ ಕೂತು, ನಾನು ಬರುವ ದಿಕ್ಕನ್ನೇ ನೋಡುತ್ತಿರುತ್ತಿದ್ದರು. ನನ್ನ ಹೆತ್ತಪ್ಪ ಒಂದು ದಿನವೂ ನನ್ನ ಹಿಂದೆ ಹೀಗೆ ಬಂದವರಲ್ಲ. ಆ ದಿನಗಳಲ್ಲಿ ಮಾವನವರ ಮೇಲೆ ನನಗೆ ಎಷ್ಟು ಪ್ರೀತಿ ಇತ್ತೆಂದು ಈಗ ನೆನೆದರೆ ಹೊಟ್ಟೆ ಉರಿಯುತ್ತದೆ.

ಹಾವೇರಿಯ ರೇಸಿನಲ್ಲಿ ಗೆದ್ದೆ. ಮಾವನವರು ಬಹುಮಾನದ ಕಪ್ಪನ್ನು ಮನೆಗೆ ತರಲೇ ಇಲ್ಲ, ನೇರ ಅಂಗಡಿಗೆ ಒಯ್ದು ತಾವು ಕೂರುವ ಗಾದಿಯ ಪಕ್ಕದಲ್ಲಿಟ್ಟರು. ಆಂಧ್ರದಿಂದ ಬಂದ ಖರೀದಿದಾರರಿಗೂ ಮೊದಲು ಕಪ್ಪು ತೋರಿಸಿ, ಆಮೇಲೆ ಮಾಲು ತೋರಿಸುತ್ತಿದ್ದರು. ಪಕ್ಕದ ಅಂಗಡಿಯವರಿಗೆ ಇದನ್ನು ಸಹಿಸಲಾಗಲಿಲ್ಲ. ಮುಂದೆ ರಾಣೆಬೆನ್ನೂರಿನಲ್ಲಿ ರಾಜ್ಯದ ತಂಡಕ್ಕೆ ಆರಿಸುವ ರೇಸಿದೆ, ಆರಿಸಿ ಬಂದವರು ತಿಂಗಳಾನುಗಟ್ಟಲೆ ಉತ್ತರದ ಕಡೆ ಕ್ಯಾಂಪಿನಲ್ಲಿರಬೇಕು ಎಂಬುದು ಗೊತ್ತಾದ ದಿನ ಆ ಅಂಗಡಿಯವರು ಮಾವನವರನ್ನು ಕೆಣಕಿದರು.

"ಏನ್ ಸಾವಕಾರ್ರ, ಸೊಸೀನ ಕ್ಯಾಂಪಿಗಿ ಕಳಸವ್ರೋ, ಇಲ್ಲಾ ಬರೇ ಕಪ್ಪ ನೋಡ್ಕೋತ ಕುಂದ್ರವ್ರೋ?"

"ಆಕಿ ಆರಿಸಿ ಬರ್ಲಿ, ಯಾವ ಮೂಲೀಗಿ ಅಂದ್ರೂ ಕಳಸ್ತೇನಿ. ನಾ ಅಂದೇನಿ ಅಂದ್ರ ಅಂದೇನಿ!"

ನಾಲ್ಕು ಮಂದಿ ವ್ಯಾಪಾರಿಗಳು ಕೇಳುವಂತೆ, ಗಾದಿಯ ಮೇಲೆ ಕೂತು ಆಡಿದ ಮಾತು ಅದು. ಮೆಣಸಿನಕಾಯಿ ಪೇಟೆಯಲ್ಲಿ ಹಾಗೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆ ಮುಗಿಯಿತು, ನಾಳೆಯಿಂದ ಅವರ ಅಂಗಡಿಯ ಮುಂದೆ ಯಾವ ರೈತನೂ ಚೀಲ ಇಳಿಸುವುದಿಲ್ಲ. ಮಾವನವರು ಯಾವ ವ್ಯವಹಾರದಲ್ಲೂ ಆಡಿದ ಮಾತಿಗೆ ತಪ್ಪಿದವರಲ್ಲ, ಸುಳ್ಳು ಹೇಳಿದವರೂ ಅಲ್ಲ. ಅದು ಅವರ ದೊಡ್ಡ ಅಭಿಮಾನ.

ಅಷ್ಟರಲ್ಲಿ ನಾದಿನಿಗೆ ಹಾವೇರಿಯಿಂದ ಒಂದು ಸಂಬಂಧ ಬಂತು. ಒಳ್ಳೆಯ ಮನೆ, ಮಾವನವರಿಗೆ ಬಹಳ ಮನಸ್ಸಿಗೆ ಬಂದಿತ್ತು. ಹುಡುಗನ ತಾಯಿ ಉಪ್ಪಿಟ್ಟು ತಿನ್ನುತ್ತಾ ನನ್ನ ಕಡೆ ನೋಡಿ, "ನಿಮ್ಮ ಸೊಸಿ ಗಂಡಸರ ಗತೆ ಗುಡ್ಡ ಹತ್ತತಾಳಂತಲ್ಲರಿ, ಖರೇನ? ತಿಂಗಳಗಟ್ಟಲೆ ಹೊರಗ ಇರಾಕಿ ಅದಾಳಂತ?" ಎಂದರು. ಮಾವನವರು ನಕ್ಕು ತಪ್ಪಿಸಿಕೊಂಡರು. ಮರುದಿನ ಬೆಳಿಗ್ಗೆ ನಾನು ಸೈಕಲ್ಲು ತೆಗೆದಾಗ ಅವರು ಸ್ಕೂಟರು ತೆಗೆಯಲಿಲ್ಲ. ಸಂಜೆ ನನ್ನನ್ನು ಕರೆದು, "ಆರಿಸಿ ಬರ್ಲಿಲ್ಲಂದ್ರ ಇಲ್ಲಿಗೆ ಸಾಕವಾ. ಸೈಕಲ್ ಅಟ್ಟಕ್ಕ ಹಾಕೂದು," ಎಂದರು.

"ಬಂದ್ರರಿ?"

"ಬಂದ್ರ ನಾ ಅಂದಿದ್ದ ಅಂದಿದ್ದು." ಮುಖ ನೋಡದೆ ಹೇಳಿದರು.

ರೇಸು ನಡೆದದ್ದು ಒಂದು ರವಿವಾರ, ನಾನು ಹುಟ್ಟಿದ ಊರಿನ ಹೊರಗಿನ ಗುಡ್ಡದಲ್ಲಿ. ಗರಸುಕಲ್ಲಿನ ಹಾದಿ, ಎರಡೂ ಕಡೆ ಜಾಲಿಮುಳ್ಳು, ಹತ್ತುವಾಗ ಎದೆಗೆ ಬರುವ ಏರು, ಇಳಿಯುವಾಗ ಕಲ್ಲು. ಇಬ್ಬರನ್ನು ಮಾತ್ರ ಆರಿಸುತ್ತಾರೆ. ಕೊನೆಯ ಸುತ್ತಿನ ಏರು ಮುಗಿದಾಗ ನಾನೇ ಮುಂದಿದ್ದೆ. ಅಲ್ಲಿಂದ ಒಂದು ಇಳಿಜಾರು ಇಳಿದರೆ ಮುಗಿಯಿತು. ಗುಡ್ಡದ ನೆತ್ತಿಯ ಮೇಲೆ ನೀರು ಕೊಡುವ ಜಾಗದಲ್ಲಿ ಮಾವನವರು ನಿಂತಿದ್ದರು. ಬೆವರು ಕಣ್ಣಿಗಿಳಿದು ನನಗೆ ದಾರಿ ಮಸುಕಾಗಿತ್ತು. ಅವರು ಹೆಗಲ ಮೇಲಿನ ಟವೆಲಿನಿಂದ ತಮ್ಮ ಮುಖ ಒರೆಸಿಕೊಂಡು, ಅದನ್ನೇ ನನ್ನ ಕಡೆ ಚಾಚಿ, "ಕಣ್ಣ ಒರಸ್ಕೊಳವಾ," ಎಂದರು. ಓಡುವ ಸೈಕಲ್ಲಿನಲ್ಲೇ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡು ಎಸೆದೆ.

ಆಮೇಲೆ ಏನಾಯಿತೆಂದು ಮೆಣಸಿನಕಾಯಿ ಮುಟ್ಟಿದ ಕೈಯನ್ನು ಕಣ್ಣಿಗೆ ಒಯ್ದವರಿಗೆ ಹೇಳಬೇಕಾಗಿಲ್ಲ. ಇಳಿಜಾರಿನ ಅರ್ಧದಲ್ಲಿ ನನಗೆ ಕಣ್ಣು ತೆರೆಯಲಾಗಲಿಲ್ಲ. ಕಲ್ಲಿಗೆ ಗಾಲಿ ಬಡಿದು ಜಾಲಿಯೊಳಗೆ ಬಿದ್ದೆ. ಒಂದೊಂದೇ ಸೈಕಲ್ಲು ನನ್ನನ್ನು ದಾಟಿ ಹೋಗುವ ಸದ್ದು ಕೇಳುತ್ತಿತ್ತು. ಮಾವನವರು ಓಡಿ ಬಂದರು, ತಂಬಿಗೆ ನೀರು ಹೊಯ್ದರು, "ಅಯ್ಯ ನನ್ನ ಕರ್ಮನ! ನನಗ ಖಾರ ಹತ್ತೂದಿಲ್ಲ ನೋಡವಾ, ತಿಳೀಲೇ ಇಲ್ಲ," ಎಂದು ಎಲ್ಲರೆದುರು ತಲೆ ತಲೆ ಬಡಿದುಕೊಂಡರು. ಪಾಪ, ಪ್ರೀತಿಯಿಂದ ಕೊಟ್ಟಿದ್ದಾರೆ ಎಂದು ಜನ ಅವರನ್ನೇ ಸಮಾಧಾನ ಮಾಡಿದರು. ನನಗೂ ಆ ಕ್ಷಣ ಹಾಗೇ ಅನಿಸಿತು.

ರಾತ್ರಿ ಮಲಗಿದಾಗಲೇ ಅನುಮಾನ ಬಂದದ್ದು. ರವಿವಾರ ಪೇಟೆ ಇರುವುದಿಲ್ಲ. ಅವತ್ತು ಅವರು ತಲೆಗೆ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು ಹೊರಟಿದ್ದರು. ಪರಊರಿಗೆ ಹೋಗುವಾಗ ಅತ್ತೆ ಒಗೆದ ಟವೆಲು ತೆಗೆದಿಡುವುದು ಮನೆಯ ರೂಢಿ. ಅವತ್ತೂ ತೆಗೆದಿಟ್ಟಿದ್ದರು, ಅದು ಮಡಿಕೆ ಮುರಿಯದೆ ಇಟ್ಟಲ್ಲೇ ಇತ್ತು. ಹೆಗಲ ಮೇಲೆ ಬಂದದ್ದು ಅಂಗಡಿಯ ಟವೆಲು. ಮರೆತು ಹಾಕಿಕೊಂಡರೋ? ಹಾಕಿಕೊಂಡಿರಬಹುದು. ನಲವತ್ತು ವರ್ಷ ಮೆಣಸಿನಕಾಯಿಯಲ್ಲೇ ಬದುಕಿದವರಿಗೆ, ಸೊಸೆ ಸೀನುವುದನ್ನು ದಿನಾ ನೋಡಿದವರಿಗೆ, ಅದು ಬೇರೆಯವರ ಕಣ್ಣಿಗೆ ಏನು ಮಾಡುತ್ತದೆಂದು ಮರೆತುಹೋಯಿತೋ? ನನ್ನ ಗಂಡನನ್ನು ಕೇಳಿದರೆ, "ಹುಚ್ಚಿ ಅದೀ ಏನು? ಮಲ್ಕೋ," ಎಂದರು.

ಮಾತು ಉಳಿಯಿತು, ಸಂಬಂಧವೂ ಉಳಿಯಿತು. ನಾದಿನಿಯ ಲಗ್ನ ಜೋರಾಗಿ ಆಯಿತು, ಸೈಕಲ್ಲು ಅಟ್ಟಕ್ಕೆ ಹೋಯಿತು. ಯಾರಾದರೂ ರೇಸಿನ ಮಾತು ತೆಗೆದರೆ ಮಾವನವರು, "ಆಕಿಗಿ ದಣಿವಾಗಿತ್ರಿ, ಹಿಂದ ಉಳಿದಿದ್ಲು," ಎನ್ನಲು ಶುರುಮಾಡಿದ್ದರು. ಸುಳ್ಳು ಹೇಳದ ಮನುಷ್ಯ ನನ್ನ ವಿಷಯದಲ್ಲಿ ಅದೊಂದನ್ನು ಹೇಳುತ್ತಿದ್ದರು. ನಾನು ಚಹದ ತಾಟು ಹಿಡಿದು ಕೇಳಿಸಿಕೊಳ್ಳುತ್ತಿದ್ದೆ.

ಕೆಲವು ವರ್ಷಗಳ ನಂತರ ಅವರಿಗೆ ಶ್ವಾಸಕೋಶದ ಬೇನೆ ಹತ್ತಿತು. ಉಣಿಸುವುದು, ಮೈ ಒರೆಸುವುದು, ಎಲ್ಲ ನನ್ನ ಪಾಲಿಗೇ. ಒಂದು ಮಧ್ಯಾಹ್ನ ಗಂಜಿ ಕುಡಿಸಿ ಬಾಯಿ ಒರೆಸಿದ ಮೇಲೆ ಕೇಳಿಯೇಬಿಟ್ಟೆ.

"ಮಾವಾರ, ಆ ಟವೆಲ್ ತಿಳಿದೇ ಕೊಟ್ರೇನು?"

ಯಾವ ಟವೆಲು ಎಂದು ಅವರು ಕೇಳಲಿಲ್ಲ.

"ನಿನ್ನ ಹಿಂದ ಯಾರೂ ಕಾಣಾಕತ್ತಿರಲಿಲ್ಲವಾ," ಎಂದರು. "ಅಷ್ಟ ಮುಂದ ಇದ್ದಿ."

ಮತ್ತೆ ಗೋಡೆಯ ಕಡೆ ಹೊರಳಿದರು. ಆ ವಾರವೇ ಹೋದರು.

ಹೆಣದ ಮುಂದೆ ಕೂತಾಗ ಬಂದವರೆಲ್ಲ ನನ್ನ ತಲೆ ಸವರಿ, "ಮಗಳಂಗ ನೋಡ್ಕೊಂಡ್ರವಾ ನಿನ್ನ. ಸೈಕಲ್ ಕೊಡಿಸಿದ ಮಾವ ಯಾರಿಗಿ ಸಿಗತಾನ?" ಎಂದರು. ಖರೆ. ಕೀಲಿ ಬಿದ್ದ ನನ್ನ ಕಾಲನ್ನು ಬಿಚ್ಚಿ ಗುಡ್ಡದ ನೆತ್ತಿಯವರೆಗೆ ಒಯ್ದವರು ಅವರೇ, ಆ ಋಣ ನಾನು ಸಾಯುವವರೆಗೂ ಇರುತ್ತದೆ. ನಾನು ಅತ್ತದ್ದೂ ನಿಜ. ಆದರೆ ಅಳುತ್ತ ನನಗೆ ಒಂದೇ ವಿಚಾರ. ತಿಳಿಯದೆ ಕೊಟ್ಟಿದ್ದರೆ ಇಲ್ಲ ಅನ್ನಬಹುದಿತ್ತು. ಅಷ್ಟು ದೊಡ್ಡ ಮಾತಾಡಿದ ಉಸಿರಿಗೆ ಒಂದು "ಇಲ್ಲ" ಭಾರವಾಗುತ್ತಿರಲಿಲ್ಲ. ನಾನು ನಂಬುತ್ತಿದ್ದೆ.