ಆ ಎಡಗಾಲಿನ ಚಪ್ಪಲಿ ಯಾರದು?

ಎರಡು ವರ್ಷದ ಹಿಂದಿನ ಮಾತು. ನಾನು ಆಳಂದದಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಮಾದನಹಿಪ್ಪರಗಾದ ಸಮುದಾಯ ಭವನದಲ್ಲಿ ಸರಸಂಬಾದ ಶರಣಪ್ಪ ಸುಬೇದಾರರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಸೈನ್ಯದ ವೈದ್ಯಕೀಯ ದಳದಲ್ಲಿ ಗಾಯಾಳುಗಳ ಆರೈಕೆ ಮಾಡುತ್ತಿದ್ದವರು, ನಡುವೆ ಕೆಲಕಾಲ ಆಫ್ರಿಕಾದ ನಿರಾಶ್ರಿತರ ಡೇರೆಗಳಲ್ಲಿ ದುಡಿದವರು, ನಿವೃತ್ತರಾಗಿ ಊರಿಗೆ ಬಂದು ಎರಡು ಸಲ ಪಂಚಾಯಿತಿ ಸದಸ್ಯರಾದವರು. ಅಫಜಲಪುರ, ಜೇವರ್ಗಿ ಕಡೆಯಿಂದಲೂ ಮಾಜಿ ಸೈನಿಕರು ಬಂದಿದ್ದರು.

ನನ್ನನ್ನು ಐದು ನಿಮಿಷ ಮಾತಾಡಲು ಕರೆದಿದ್ದರು. ಚರ್ಚಾಸ್ಪರ್ಧೆಗಳಲ್ಲಿ ಕಪ್ ತರುವ ಹುಡುಗಿ ಎನ್ನುವುದೊಂದೇ ನನ್ನ ಅರ್ಹತೆ. ಹೊಗಳಿ ಮಾತಾಡುವುದು ನನಗೆ ಬರುವುದಿಲ್ಲ. ಬಂದರೂ ಮಾಡುತ್ತಿರಲಿಲ್ಲ. ಸಮವಸ್ತ್ರ ತೊಟ್ಟವರೆಲ್ಲ ದೇವರು ಎನ್ನುವ ಮಾತು ಆಗಲೇ ಬೇಸರ ತಂದಿತ್ತು. ಮಟಕಿಯಲ್ಲಿ ಮಾಸ್ತರರಾಗಿದ್ದ ನಮ್ಮಪ್ಪ ನನ್ನ ಜೊತೆ ಬಂದು ಮೂರನೇ ಸಾಲಿನಲ್ಲಿ ಕೂತಿದ್ದರು.

ಸುಬೇದಾರರು ಮಾತ್ರ ಬಹಳ ಹೊತ್ತು ವೇದಿಕೆಗೆ ಬರಲೇ ಇಲ್ಲ. ಬಾಗಿಲ ಹತ್ತಿರ, ಜನ ಚಪ್ಪಲಿ ಬಿಡುವ ಕಡೆ ನಿಂತಿದ್ದರು. ಬಂದವರ ನಮಸ್ಕಾರ ತೆಗೆದುಕೊಳ್ಳಲು ನಿಂತಿದ್ದಾರೆ, ಇದೊಂದು ರಾಜಕಾರಣಿಯ ಚಾಳಿ ಎಂದುಕೊಂಡೆ.

ನನ್ನ ಸರದಿ ಬಂತು. "ಸೈನಿಕರು ಸಂಬಳಕ್ಕೆ ದುಡಿಯುತ್ತಾರೆ. ತಪ್ಪಿಲ್ಲ. ಆದರೆ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್ ಕೂಡ ಸಂಬಳಕ್ಕೇ ದುಡಿಯುತ್ತಾನೆ. ಅವನಿಗೆ ಹಾರ ಎಲ್ಲಿ? ಕರ್ತವ್ಯಕ್ಕೂ ಸೇವೆಗೂ ವ್ಯತ್ಯಾಸ ಇದೆ ಅನ್ನುವುದಾದರೆ, ಸುಬೇದಾರರು ತಮ್ಮ ನೌಕರಿಯ ಹೊರಗೆ ಮಾಡಿದ ಒಂದೇ ಒಂದು ಕೆಲಸ ಹೇಳಲಿ" ಎಂದೆ. ಹಿಂದಿನ ಸಾಲಿನ ಕಾಲೇಜು ಹುಡುಗರು ಚಪ್ಪಾಳೆ ತಟ್ಟಿದರು. ಅಧ್ಯಕ್ಷರ ಮುಖ ಹುಳ್ಳಗಾಯಿತು. ನನಗೆ ಒಳಗೊಳಗೇ ಖುಷಿ.

ಸುಬೇದಾರರು ಮೈಕ್ ಹಿಡಿದರು. ಸಿಟ್ಟಿರಲಿಲ್ಲ.

"ತಂಗಿ ಬರೋಬ್ಬರಿ ಕೇಳ್ಯಾಳ. ಉತ್ತರ ಆಮ್ಯಾಲ ನೋಡೂಣು. ಮೊದಲ ನನಗೊಂದು ಹೇಳ್ರಿ. ಹೊರಗ ಎಡಗಾಲಿಂದೊಂದು ಕಂದು ಚಪ್ಪಲಿ ಅದ. ಹೆಬ್ಬೆರಳ ಊರೂ ಜಾಗಾದಾಗ ಹಸಿ ಕಲಿ ಆಗೇದ. ಅದು ಯಾರದ್ರಿ?"

ಸಭೆ ಗೊಳ್ಳೆಂದಿತು. "ಸಾಹೇಬ್ರ, ಚಪ್ಪಲಿ ಕಳ್ಳನ್ನ ಹಿಡದೀರೇನ್ರಿ?" ಎಂದು ಒಬ್ಬರು ಕೂಗಿದರು. "ಕಂದು ಚಪ್ಪಲಿ ಅರ್ಧಾ ಊರಿಗೇ ಅವರಿ!" ಎಂದರು ಇನ್ನೊಬ್ಬರು.

ನನಗೆ ರೇಗಿತು. ಪಕ್ಕದ ಮೈಕಿನಲ್ಲಿ, "ಸರ್, ವಿಷಯ ಬದಲಿಸಿದರೆ ಚರ್ಚೆಯಲ್ಲಿ ಅಂಕ ಕಳೆಯುತ್ತಾರೆ" ಎಂದೆ.

"ಕಳೀರವ್ವಾ. ಆದ್ರ ಆ ಮನಷ್ಯಾ ಎದ್ದು ಹೋಗೂಕಿಂತ ಮೊದಲ ನನಗ ಸಿಗಬೇಕು."

ಯಾರೂ ಏಳಲಿಲ್ಲ. ಶಾಲು ಹೊದಿಸಿದರು, ಹಾರ ಹಾಕಿದರು, ರಾಷ್ಟ್ರಗೀತೆ ಮುಗಿಯಿತು. ಸುಬೇದಾರರು ಯಾರ ಫೋಟೋಕ್ಕೂ ನಿಲ್ಲದೆ ನೇರ ಬಾಗಿಲಿಗೆ ಹೋಗಿ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನಾನು ಗೆಳತಿಯರ ನಡುವೆ ನಿಂತು, "ನೋಡಿದ್ರೇನ? ಒಂದ ಉದಾಹರಣಿ ಕೊಡಾಕ ಆಗಲಿಲ್ಲ" ಎಂದು ಬೀಗುತ್ತಿದ್ದೆ.

ಜನ ಕರಗಿದ ಮೇಲೆ ಅಪ್ಪನನ್ನು ಹುಡುಕಿಕೊಂಡು ಹೊರಗೆ ಬಂದೆ. ಮೆಟ್ಟಿಲ ಕೆಳಗೆ ನನ್ನದನ್ನು ಬಿಟ್ಟರೆ ಒಂದೇ ಜೊತೆ ಕಂದು ಚಪ್ಪಲಿ ಉಳಿದಿತ್ತು. ಅಪ್ಪ ಗೋಡೆಗೆ ಆತು ನಿಂತಿದ್ದರು.

"ಮಾಸ್ತರ್, ಬರ್ರಿ, ಇಲ್ಲಿ ಕುಂದರ್ರಿ" ಎಂದರು ಸುಬೇದಾರರು.

"ಬಸ್ಸಿಗೆ ಹೊತ್ತಾಗ್ಯಾದರಿ."

"ಬಸ್ ಮತ್ತ ಬರ್ತದರಿ. ಸಕ್ಕರಿ ಕಾಯಿಲೆ ಎಷ್ಟು ವರ್ಷ ಆತು?"

ಅಪ್ಪನ ಬದಲು ಉತ್ತರ ಕೊಟ್ಟವಳು ನಾನು. "ಒಂಬತ್ತು ವರ್ಷ ಆತ್ರಿ. ಆದ್ರ ಕಾಲಿಗೆ ಏನೂ ಆಗಿಲ್ಲ. ಕುಂಟಂಗಿಲ್ಲ, ನೋವು ಅಂತ ಒಂದ ದಿನಾನೂ ಹೇಳಿಲ್ಲ. ನೀವು ಸುಮ್ನ ಹೆದರಸಬ್ಯಾಡ್ರಿ."

"ನೋವಿಲ್ಲ ಅಂತಾರಲ್ಲವ್ವಾ, ನನಗ ಅದರದ ಅಂಜಿಕಿ. ಸಕ್ಕರಿಯಿಂದ ಕಾಲು ಜೋಮು ಹಿಡದ್ರ ಗಾಯ ಆಗಿದ್ದೂ ಗೊತ್ತಾಗಂಗಿಲ್ಲ."

ಅವರು ಅಪ್ಪನನ್ನು ಕೂರಿಸಿ ಎಡಗಾಲನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಸನ್ಮಾನದ ಶಾಲು ಇನ್ನೂ ತೊಡೆಯ ಮೇಲೆಯೇ ಇತ್ತು. "ಏ, ಬ್ಯಾಡ್ರಿ, ನನ್ನ ಕಾಲು ನೀವು ಮುಟ್ಟಬಾರದರಿ" ಎಂದು ಅಪ್ಪ ಎಳೆದುಕೊಳ್ಳಲು ನೋಡಿದರು. ಬಿಡಲಿಲ್ಲ. ಹೆಬ್ಬೆರಳ ಬುಡದಲ್ಲಿ ಕಡಲೆಕಾಳಿನಷ್ಟು ತೂತು. ಸುತ್ತ ಚರ್ಮ ಬೆಳ್ಳಗೆ ನೆನೆದಂತಾಗಿತ್ತು. ವಾಸನೆಯೂ ಇತ್ತು. ಚಪ್ಪಲಿಯನ್ನು ತಿರುಗಿಸಿ ತೋರಿಸಿದರು. ಅಟ್ಟೆ ತೂರಿ ಒಳಬಂದಿದ್ದ ಜಾಲಿಮುಳ್ಳು, ತುದಿ ಮುರಿದುಹೋಗಿತ್ತು. ಆ ತುದಿ ಎಲ್ಲಿದೆ ಎಂದು ಹೇಳಬೇಕಿರಲಿಲ್ಲ.

"ಅಪ್ಪಾ, ಇದು ನಿಮಗ ಗೊತ್ತಿತ್ತಾ?"

ಅಪ್ಪ ನನ್ನ ಮುಖ ನೋಡಲಿಲ್ಲ. "ಚಪ್ಪಲಿ ಹಸಿ ಆಗಿದ್ದು ಐದಾರು ದಿನದ ಹಿಂದ ನೋಡೇನಿ. ಅರಿಶಿಣ ಹಚ್ಚೇನಿ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಸುಮ್ನ ಇರ್ತೀಯೇನ್ ಬೇ? ಏನ ತಿಂದೀರಿ, ಎಷ್ಟ ತಿಂದೀರಿ, ಗುಳಿಗಿ ಯಾಕ ತಪ್ಪಿಸೀರಿ ಅಂತ ಒಂದೊಂದ ಪಾಯಿಂಟ್ ಹಿಡದು ನಿಂದರ್ತಿ. ನಿನ್ನ ಕೂಡ ಗೆಲ್ಲಾಕ ನನಗ ಆಗಂಗಿಲ್ಲವ್ವಾ."



ಸುಬೇದಾರರು ತಮ್ಮ ಚೀಲದಿಂದ ಶುಭ್ರ ಪಟ್ಟಿ ತೆಗೆದು ಗಾಯ ಮುಚ್ಚಿದರು. ಮುಳ್ಳು ತೆಗೆಯಿರಿ ಎಂದು ನಾನಂದರೆ, "ಇಲ್ಲಿ ಕೈ ಹಾಕಬಾರದು, ಡಾಕ್ಟರ್ ಕೆಲಸ ಅದು" ಎಂದರು. ಒಂದು ಹೆಜ್ಜೆಯೂ ನಡೆಯಲು ಬಿಡದೆ ಅಪ್ಪನನ್ನು ಎತ್ತಿ ಟಂಟಂ ಆಟೋದಲ್ಲಿ ಕೂರಿಸಿದರು. ನಮ್ಮ ಜೊತೆ ತಾವೂ ಹತ್ತಿದರು.

ಆಳಂದದ ದಾರಿಯಲ್ಲಿ ನಾನು ಕೇಳಿದೆ, ನೀವು ಚಪ್ಪಲಿ ನೋಡುತ್ತಾ ನಿಲ್ಲುವುದೇಕೆ ಎಂದು.

"ಪಲ್ಟನ್‌ದಾಗ ದೂರ ನಡದ ಮ್ಯಾಲ ಎಲ್ಲಾರ ಕಾಲ ನೋಡೂದು ನಮ್ಮ ಕೆಲಸ. ಜವಾನ ಬಾಯಿ ಬಿಟ್ಟು ಹೇಳಂಗಿಲ್ಲ, ಮಂದಿ ನಗ್ತಾರ ಅಂತ ಅಂಜಿಕಿ. ಅದಕ ಬೂಟ್ ನೋಡ್ತಿದ್ವಿ. ಆಫ್ರಿಕಾದ ಆ ಡೇರೆದಾಗಂತೂ ಅವರ ಮಾತು ನನಗ ತಿಳೀತಿದ್ದಿಲ್ಲ, ನಂದು ಅವರಿಗೆ ತಿಳೀತಿದ್ದಿಲ್ಲ. ಇಲ್ಲಿ ಬಂದ ಮ್ಯಾಲ ಪಂಚಾಯಿತಿ ಮೀಟಿಂಗಿಗೆ ಹೋದ್ರೂ ಬಾಗಿಲ ಕಡೀನ ಕುಂದರ್ತೇನಿ. ರೊಕ್ಕ ಕೇಳಾಕ ನಾಚಿಕಿ ಇಲ್ಲದ ಮಂದಿನೂ ಹುಣ್ಣು ತೋರಸಾಕ ನಾಚ್ತಾರ."

"ಹಾಗಾದರೆ ನನ್ನ ಪ್ರಶ್ನೆಗೆ ಇದೇ ಉತ್ತರ" ಎಂದೆ. ಸೋಲು ಒಪ್ಪಿಕೊಳ್ಳುವುದಾದರೆ ನೇರವಾಗಿ ಒಪ್ಪಿಕೊಳ್ಳಬೇಕು ಎನ್ನುವುದು ನನ್ನ ರೂಢಿ.

ಅವರು ತಲೆ ಅಲ್ಲಾಡಿಸಿದರು. "ಅಲ್ಲವ್ವಾ. ಇದೂ ನನಗ ಪಗಾರ ಕೊಟ್ಟು ಕಲಿಸಿದ್ದ ಕೆಲಸ. ನೀ ಹೇಳಿದ್ದು ಖರೇನ ಅದ. ಆ ಲೈನ್‌ಮನ್ ಮಾತು ನನಗ ಭಾಳ ಸೇರಿತು. ಅವನಿಗೂ ಒಂದು ಹಾರ ಹಾಕಸೂಣು."

ಎದುರಾಳಿ ಅಷ್ಟು ಸಲೀಸಾಗಿ ಒಪ್ಪಿಕೊಂಡಿದ್ದು ನನ್ನ ಅನುಭವದಲ್ಲಿ ಅದೇ ಮೊದಲು. ಗೆದ್ದಿದ್ದೆ. ಗೆದ್ದವಳು ಟಂಟಂನ ಕಂಬಿ ಹಿಡಿದು ಅಳುತ್ತಾ ಕೂತಿದ್ದೆ.

ಆಳಂದದ ಆಸ್ಪತ್ರೆಯಿಂದ ಕಲಬುರಗಿಗೆ ಕಳಿಸಿದರು. ಅಪ್ಪನ ಎಡಗಾಲಿನ ಹೆಬ್ಬೆರಳು ಹೋಯಿತು. ಪಾದ ಉಳಿಯಿತು. ಇನ್ನೊಂದು ವಾರ ಕಳೆದಿದ್ದರೆ ಮಾತು ಮೊಣಕಾಲಿನವರೆಗೆ ಹೋಗುತ್ತಿತ್ತು ಎಂದು ಡಾಕ್ಟರು ಹೇಳಿದರು. ಆಪರೇಷನ್ ಮುಗಿಯುವ ತನಕ ಸುಬೇದಾರರು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದು, ಅಪ್ಪನಿಗೆ ಎಚ್ಚರವಾಯಿತೆಂದು ತಿಳಿದ ಮೇಲೆ ಯಾರಿಗೂ ಹೇಳದೆ ಎದ್ದು ಹೋಗಿದ್ದರು.

ಸಮವಸ್ತ್ರ ಕಂಡ ಕೂಡಲೇ ಹಾರ ಹಾಕುವುದನ್ನು ನಾನು ಈಗಲೂ ಒಪ್ಪುವುದಿಲ್ಲ. ಆ ದಿನ ಹೇಳಿದ್ದನ್ನು ಇವತ್ತೂ ಅದೇ ಸಭೆಯಲ್ಲಿ ನಿಂತು ಹೇಳಬಲ್ಲೆ. ಆದರೆ ಮನೆಯಲ್ಲಿ ಗೆಲ್ಲುವ ಚಾಳಿ ಬಿಡಲು ನನಗೆ ಬಹಳ ಕಷ್ಟವಾಯಿತು. ಮಾತು ನಾಲಿಗೆಯ ತುದಿಗೆ ಬಂದಾಗಲೆಲ್ಲ ನುಂಗುವುದು ಇಂಥಾ ವ್ಯಾಯಾಮ ಎಂದು ಗೊತ್ತಿರಲಿಲ್ಲ.

ಹೋದ ತಿಂಗಳು ಸಂಜೆ ಓದುತ್ತಾ ಕೂತಿದ್ದೆ. ಅಪ್ಪ ಒಳಗಿನಿಂದ ಕೂಗಿದರು. "ಶೈಲಾ, ಇಲ್ಲಿ ಬಾ ಬೇ. ಬಲಗಾಲಿನ ಹಿಮ್ಮಡಿ ಜರಾ ಕೆಂಪಾಗೇದ, ನೋಡು." ಹೋದೆ. ಅವರ ಪಕ್ಕದ ತಟ್ಟೆಯಲ್ಲಿ ಅರ್ಧ ತಿಂದ ಶೇಂಗಾ ಹೋಳಿಗೆ ಇತ್ತು. ನಾನು ನೋಡಿದ್ದನ್ನು ಅವರೂ ನೋಡಿದರು.

ನಾನು ಏನೂ ಕೇಳದೆ ಕೆಳಗೆ ಕೂತು ಅವರ ಕಾಲನ್ನು ಕೈಗೆ ತೆಗೆದುಕೊಂಡೆ.